ಗೂಡಿನ ಬಾಗಿಲು ಹಾಕುವ ಮುನ್ನ

ಹೊಸದಾಗಿ ನಾಯಿಮರಿ ತಂದಿರುವ, ಇಲ್ಲವೇ ಬರುವ ಭಾನುವಾರ ತರಬೇಕೆಂದು ಹೊರಟಿರುವ ಮಕ್ಕಳೇ, ನಿಮ್ಮ ಹತ್ತಿರ ಒಂದಿಷ್ಟು ಮಾತಾಡುವುದಿದೆ. ನಾನು ಪಶುವೈದ್ಯಳಲ್ಲ, ನಾಯಿ ಪಳಗಿಸುವವಳೂ ಅಲ್ಲ. ಮಲೆನಾಡಿನ ಒಂಟಿಮನೆಯಲ್ಲಿ ನಲವತ್ತು ವರ್ಷ ನಾಯಿಗಳ ಜೊತೆ ಬಾಳಿ, ಈಗ ಬೆಂಗಳೂರಿನಲ್ಲಿ ಮಗಳ ಫ್ಲ್ಯಾಟಿನ ಆರನೇ ಮಹಡಿಯಲ್ಲಿರುವವಳು. ವಯಸ್ಸಾಯಿತು, ರಾತ್ರಿ ನಿದ್ದೆ ಕಡಿಮೆ. ಹಾಗಾಗಿ ಈ ಕಟ್ಟಡದಲ್ಲಿ ಯಾವ ಮನೆಗೆ ಮರಿ ಬಂದಿದೆ ಎನ್ನುವುದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ದೀಪ ಆರಿದ ಮೇಲೆ ಶುರುವಾಗುವ ಆ ಅಳು ಎಷ್ಟೋ ಸಲ ಹಾಲಿನವನು ಬರುವ ಹೊತ್ತಿಗೂ ನಿಂತಿರುವುದಿಲ್ಲ.

ಹೋದ ಎರಡು ವರ್ಷದಲ್ಲಿ ಹಾಗೆ ಮೂರು ಮರಿಗಳು ಬಂದವು. ಎರಡು, ತಿಂಗಳೊಪ್ಪತ್ತಿನಲ್ಲಿ ಕಾಣೆಯಾದವು. ಎಲ್ಲಿ ಹೋಯಿತು ಎಂದು ಲಿಫ್ಟಿನಲ್ಲಿ ಕೇಳಿದರೆ, "ರಾತ್ರಿಯೆಲ್ಲ ಮಲಗೋಕೇ ಬಿಡ್ತಿರಲಿಲ್ಲ ಅಜ್ಜಿ, ಬೇರೆಯವರಿಗೆ ಕೊಟ್ಟುಬಿಟ್ವಿ" ಎಂದರು. ಕೊಟ್ಟ ಮಕ್ಕಳು ಕೆಟ್ಟವರಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಓಡಬೇಕಾದವರು. ಆದರೆ ಮೊದಲ ಹದಿನೈದು ರಾತ್ರಿ ಹೇಗೆ ನಡೆದುಕೊಳ್ಳಬೇಕು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನನಗೂ ಒಂದು ಕಾಲದಲ್ಲಿ ಗೊತ್ತಿರಲಿಲ್ಲ. ಹೇಳುವವರು ಮನೆಯಲ್ಲೇ ಇದ್ದರು, ನಾನು ಕೇಳಲಿಲ್ಲ.

ಮೂರನೇ ಮರಿ ನಮ್ಮ ಎದುರು ಮನೆಯದು. ಅಲ್ಲಿನ ಹುಡುಗ ಹುಡುಗಿ ಮದುವೆಯಾಗಿ ವರ್ಷವಾಗಿತ್ತು. ಬೀದಿಯಲ್ಲಿ ತಾಯಿ ಸತ್ತುಹೋಗಿದ್ದ ಕಂದು ಬಣ್ಣದ ಗಂಡುಮರಿಯನ್ನು ಎತ್ತಿಕೊಂಡು ಬಂದು ಗುಂಡ ಎಂದು ಹೆಸರಿಟ್ಟಿದ್ದರು. ಒಂದು ಸಂಜೆ ಆ ಹುಡುಗಿ ಕರೆದು ತೋರಿಸಿದಳು. ಕಂಬಿಯ ದೊಡ್ಡ ಪೆಟ್ಟಿಗೆ, ಕೆಳಗೊಂದು ತಟ್ಟೆ, ಎದುರಿಗೆ ಚಿಲಕವಿರುವ ಬಾಗಿಲು. "ಇದಕ್ಕೆ ಕ್ರೇಟ್ ಅಂತಾರೆ ಅಜ್ಜಿ. ರಾತ್ರಿ ಇದರೊಳಗೆ ಮಲಗಿಸ್ಬೇಕು. ಹಾಕಿದ್ರೆ ಕಿರುಚುತ್ತೆ. ಪಾಪ, ಜೈಲಿಗೆ ಹಾಕಿದ ಹಾಗೆ ಅನ್ಸುತ್ತೆ" ಎಂದಳು. ನೋಡಿದ ಕೂಡಲೇ ನನಗೆ ನಮ್ಮೂರ ನಾಯಿಗೂಡು ನೆನಪಾಯಿತು.

ಕೊಪ್ಪದ ಕಡೆ ನಾನು ಸೇರಿದ ಮನೆಯಲ್ಲಿ ಕೊಟ್ಟಿಗೆಯ ಪಕ್ಕಕ್ಕೆ ಅಂಥದೊಂದು ಗೂಡಿತ್ತು. ಒತ್ತೊತ್ತಾಗಿ ಹೊಡೆದ ಮರದ ರೀಪು, ಮೇಲೆ ಹೆಂಚು, ಒಳಗೆ ಗೋಣಿತಾಟು. ಹಗಲು ನಾಯಿಗಳು ತೋಟ, ಗದ್ದೆ, ಗುಡ್ಡ ಎಂದು ತಿರುಗಿಕೊಂಡಿರುತ್ತಿದ್ದವು. ಕತ್ತಲಾಗುತ್ತಿದ್ದಂತೆ ಅನ್ನ ಹಾಕಿ ಗೂಡಿಗೆ ಬಿಟ್ಟು ಚಿಲಕ ಹಾಕುತ್ತಿದ್ದರು. ಕಾರಣ ಒಂದೇ, ಕುರ್ಕ. ನೀವು ಚಿರತೆ ಎನ್ನುವುದಕ್ಕೆ ನಮ್ಮಲ್ಲಿ ಹೇಳುವ ಹೆಸರು. ಅದಕ್ಕೆ ನಾಯಿಯೆಂದರೆ ಪ್ರಾಣ. ಜಗಲಿಯ ಮೇಲೆ ಮಲಗಿದ್ದ ನಾಯಿಯನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತಿತ್ತು. ಹೀಗೆ ಗೂಡಿನ ಚಿಲಕ ಬೀಳುತ್ತಿದ್ದುದು ನಾಯಿ ಹೊರಗೆ ಬರಬಾರದೆಂದಲ್ಲ, ಹೊರಗಿನದು ಒಳಗೆ ಬರಬಾರದೆಂದು. ನಾಯಿಗಳಿಗೂ ಅದು ತಿಳಿದಿತ್ತೇನೋ, ಅನ್ನದ ಪಾತ್ರೆಯ ಸದ್ದಾದರೆ ತಾವೇ ಹೋಗಿ ಒಳಗೆ ಕೂರುತ್ತಿದ್ದವು.

1974ರಲ್ಲಿ ಆ ಮನೆಗೊಂದು ಮರಿ ಬಂತು, ಕರಿಯ. ಎರಡು ತಿಂಗಳೂ ತುಂಬಿರಲಿಲ್ಲ. ನನ್ನ ಅತ್ತೆಮ್ಮ ಹೇಳಿದರು, "ಸ್ವಲ್ಪ ದಿನ ಬಚ್ಚಲೊಲೆ ಹತ್ರನೇ ಮಲಗ್ಲಿ. ಹಗಲು ಗೂಡಿನಲ್ಲಿ ಅನ್ನ ಹಾಕ್ತಾ ಬಾ. ತಾನೇ ಹೋಗಿ ಮಲಗೋ ದಿನ ಚಿಲಕ ಹಾಕು." ನಾನು ಹೊಸ ಸೊಸೆ, ಕಂಕುಳಲ್ಲಿ ಆರು ತಿಂಗಳ ಕೂಸು. ಬಚ್ಚಲಮನೆಯಲ್ಲಿ ಮರಿ ಅತ್ತರೆ ಕೂಸು ಏಳುತ್ತದೆ ಎಂದು ಎರಡನೇ ರಾತ್ರಿಯೇ ಒಯ್ದು ಗೂಡಿಗೆ ಹಾಕಿ ಚಿಲಕ ಜಡಿದೆ. ಕೊಟ್ಟಿಗೆ ಮನೆಯಿಂದ ಅಷ್ಟು ದೂರ, ಅಳು ಸಣ್ಣದಾಗಿ ಕೇಳುತ್ತಿತ್ತು. ಎರಡು ಮೂರು ರಾತ್ರಿ ಅತ್ತು ಸುಮ್ಮನಾಯಿತು. ಕಲಿಯಿತು ಎಂದುಕೊಂಡೆ. ಆಮೇಲೆ ಹಗಲು ಒಣಹಾಕಿದ ಬಟ್ಟೆ ಎಳೆದಾಗ, ಕೋಳಿಮರಿ ಅಟ್ಟಿದಾಗ ಕಿವಿ ಹಿಡಿದು ಅದೇ ಗೂಡಿಗೆ ತಳ್ಳಿ ಶಿಕ್ಷೆ ಕೊಡುತ್ತಿದ್ದೆ.

ಕರಿಯ ಬೆಳೆದು ಗಟ್ಟಿಮುಟ್ಟಾದ ನಾಯಿಯಾಯಿತು. ಆದರೆ ಸಂಜೆಯಾದರೆ ಸಾಕು, ಗೂಡಿನ ಹತ್ತಿರ ಸುಳಿಯುತ್ತಿರಲಿಲ್ಲ. ಅನ್ನ ತೋರಿಸಿದರೂ ಬರುತ್ತಿರಲಿಲ್ಲ. ಅಡಕೆ ಚಪ್ಪರದ ಕೆಳಗೋ, ಸೌದೆ ಒಟ್ಟಿದ ಸಂದಿಯಲ್ಲೋ ಅಡಗಿ ಕೂರುತ್ತಿತ್ತು. ಮರುವರ್ಷದ ಮಾಘಮಾಸದ ಒಂದು ರಾತ್ರಿ ಒಂದೇ ಒಂದು ಕೂಗು ಕೇಳಿತು. ಬೆಳಿಗ್ಗೆ ಲಾಟೀನು ಹಿಡಿದು ಹೋದರೆ ಧರೆಯವರೆಗೂ ಎಳೆದುಕೊಂಡು ಹೋದ ಗುರುತು. ಅತ್ತೆಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಗೂಡಿನೊಳಗಿನ ಗೋಣಿತಾಟನ್ನು ತೆಗೆದು ಕೊಡವಿ ಬಿಸಿಲಿಗೆ ಹಾಕಿದರು. ಅದರ ಮೇಲೆ ಒಂದು ಕೂದಲೂ ಇರಲಿಲ್ಲ.

ನಿಮ್ಮ ಫ್ಲ್ಯಾಟಿಗೆ ಕುರ್ಕ ಬರುವುದಿಲ್ಲ, ನಿಜ. ಆದರೆ ನಿಮ್ಮ ನಾಯಿಗೂ ತನ್ನದೇ ಒಂದು ಗೂಡು ಬೇಕಾಗುವ ದಿನಗಳು ಬರುತ್ತವೆ. ದೀಪಾವಳಿಯ ಪಟಾಕಿಯ ಮೂರು ದಿನ ಬರುತ್ತದೆ. ಆಪರೇಷನ್ ಆಗಿ ಓಡಾಡಬಾರದ ವಾರ ಬರುತ್ತದೆ. ಊರಿಗೆ ಕಾರಿನಲ್ಲಿ ಏಳೆಂಟು ಗಂಟೆ ಹೋಗುವುದಿರುತ್ತದೆ. ಆಗ ನಂಬಿದ ಜಾಗವೊಂದಿದ್ದರೆ ನಾಯಿ ಅಲ್ಲಿ ಹೋಗಿ ಧೈರ್ಯವಾಗಿ ಮಲಗುತ್ತದೆ. ಆ ನಂಬಿಕೆಯನ್ನು ಮೊದಲ ವಾರದಲ್ಲೇ ಕೆಡಿಸಿಬಿಟ್ಟರೆ ಮತ್ತೆ ಕಟ್ಟುವುದು ಬಹಳ ಕಷ್ಟ. ಈ ತಪ್ಪನ್ನು ನೀವು ಮಾಡಬೇಡಿ.

ಮರಿ ಏಕೆ ಅಳುತ್ತದೆ, ಯೋಚಿಸಿ ನೋಡಿ. ನಿನ್ನೆಯವರೆಗೂ ಅದು ಅಕ್ಕ ತಂಗಿ, ಅಣ್ಣ ತಮ್ಮಂದಿರ ಮೈಮೇಲೆ ಮೈ ಹಾಕಿ, ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿತ್ತು. ಇವತ್ತು ತಣ್ಣನೆಯ ಟೈಲ್ಸ್ ನೆಲ, ಕತ್ತಲೆ, ಗುರುತಿಲ್ಲದ ವಾಸನೆ. ಅದು ಹಟ ಮಾಡುತ್ತಿಲ್ಲ, ತಾಯಿಯನ್ನು ಕರೆಯುತ್ತಿದೆ. ಅದಕ್ಕೇ ಎಂಟು ವಾರ ತುಂಬದ ಮರಿಯನ್ನು ಎಷ್ಟೇ ಮುದ್ದಾಗಿದ್ದರೂ ಅಂಗಡಿಯಿಂದ ತರಬೇಡಿ. ನಾಯಿ ತಳಿ ಬೆಳೆಸಿ ಮಾರುವವರಿಗೆ ನಮ್ಮ ದೇಶದಲ್ಲಿ 2017ರಲ್ಲಿ ಮಾಡಿದ ನಿಯಮವೇ ಇದೆ, ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಐದು ವಾರದ್ದನ್ನು ಎರಡು ತಿಂಗಳದ್ದೆಂದು ಹೇಳಿ ಕೊಡುವವರೂ ಇದ್ದಾರೆ, ಹುಷಾರಾಗಿರಿ. ಗುಂಡನಂತೆ ತಾಯಿ ಸತ್ತ ಮರಿಯಾದರೆ ಬೇರೆ ದಾರಿಯಿಲ್ಲ, ಆಗ ನೀವೇ ತಾಯಿಯಾಗಬೇಕು. ಮರಿ ತರುವ ಮನೆಯಲ್ಲಿ ತಾಯಿ ಇದ್ದರೆ, ಅದು ಮಲಗುವ ಬಟ್ಟೆಯ ಒಂದು ತುಂಡನ್ನು ಕೇಳಿ ತನ್ನಿ. ಕ್ರೇಟಿನ ಹಾಸಿಗೆಯ ಮೇಲೆ ಅದನ್ನು ಹಾಕಿದರೆ ಮೊದಲ ರಾತ್ರಿಯ ಅರ್ಧ ಅಳು ಕಡಿಮೆಯಾಗುತ್ತದೆ.

ಎದುರು ಮನೆಯ ಹುಡುಗಿಗೆ ನಾನು ಹೇಳಿದ್ದು ತೊಟ್ಟಿಲಿನ ಮಾತು. ಹಿಂದೆ ನಾವು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ತೊಟ್ಟಿಲಿಗೊಂದು ಹಗ್ಗ ಕಟ್ಟಿ, ಅದರ ತುದಿ ಹಿಡಿದುಕೊಂಡು ಪಕ್ಕದಲ್ಲಿ ಮಲಗುತ್ತಿದ್ದೆವು. ಕೂಸು ಕೊಸರಿದರೆ ಕಣ್ಣು ತೆರೆಯದೆಯೇ ಹಗ್ಗ ಜಗ್ಗುತ್ತಿದ್ದೆವು. ಕೂಸಿಗೆ ತನ್ನದೇ ಜಾಗ, ಆದರೆ ಅಮ್ಮ ಕೈಯಳತೆಯಲ್ಲಿ. ಕ್ರೇಟನ್ನೂ ಹಾಗೇ ಇಡಿ. ಹಾಲಿನಲ್ಲಲ್ಲ, ಬಾಲ್ಕನಿಯಲ್ಲಂತೂ ಅಲ್ಲವೇ ಅಲ್ಲ. ನಿಮ್ಮ ಮಂಚದ ಪಕ್ಕಕ್ಕೆ ತಂದಿಡಿ. ಅಲುಗಾಡದ ಒಂದು ಸ್ಟೂಲೋ ಬೆಂಚೋ ಇದ್ದರೆ ಮಂಚದ ಎತ್ತರಕ್ಕೆ ಇಟ್ಟರೆ ಇನ್ನೂ ಒಳ್ಳೆಯದು, ಮರಿಗೆ ನಿಮ್ಮ ಮುಖ ಕಾಣುತ್ತದೆ. ರಾತ್ರಿ ಅದು ಕುಂಯ್‌ಗುಟ್ಟಿದರೆ ಕೈ ಇಳಿಬಿಟ್ಟು ಕಂಬಿಯ ಸಂದಿಯಲ್ಲಿ ಬೆರಳು ತೂರಿಸಿ. ಮಾತು ಬೇಡ, ದೀಪ ಬೇಡ. ಬೆರಳು ಮೂಸಿ ನೋಡಿ ಸಮಾಧಾನವಾಗುತ್ತದೆ. ಹದಿನೈದು ಇಪ್ಪತ್ತು ದಿನ ಹೋಗಲಿ. ಆಮೇಲೆ ಬೇಕಿದ್ದರೆ ದಿನಕ್ಕೊಂದು ಗೇಣು ದೂರ ಸರಿಸುತ್ತಾ, ಎಲ್ಲಿ ಇರಬೇಕೋ ಅಲ್ಲಿಗೆ ಒಯ್ಯಿರಿ.

ಆದರೆ ರಾತ್ರಿಯ ಕೆಲಸ ಶುರುವಾಗಬೇಕಾದ್ದು ಹಗಲಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ಮರಿ ಬಂದ ದಿನ ರಾತ್ರಿ ಹತ್ತಕ್ಕೆ ಮೊದಲ ಬಾರಿ ಕ್ರೇಟ್ ತೋರಿಸಿ, ಒಳಗೆ ತಳ್ಳಿ, ಬಾಗಿಲು ಹಾಕಿದರೆ ಅದು ಗಾಬರಿಯಾಗದೆ ಏನು ಮಾಡೀತು? ಬೆಳಿಗ್ಗೆಯೇ ಮರಿ ತನ್ನಿ. ಕ್ರೇಟಿನ ಬಾಗಿಲನ್ನು ಹಿಂದಕ್ಕೆ ತೆರೆದು ದಾರದಿಂದ ಕಟ್ಟಿಬಿಡಿ, ಹೊಡೆದುಕೊಂಡು ಸದ್ದಾಗಬಾರದು. ಒಳಗೆ ಹಳೆಯ ಕಾಟನ್ ಸೀರೆ ಮಡಚಿ ಹಾಸಿ. ಊಟದ ಬಟ್ಟಲು ಮೊದಲು ಬಾಗಿಲ ಬಾಯಲ್ಲಿರಲಿ, ಮುಂದಿನ ಊಟಕ್ಕೆ ಅರ್ಧ ಒಳಗೆ, ಅದರ ಮುಂದಿನದಕ್ಕೆ ಕೊನೆಯಲ್ಲಿ. ನಡುನಡುವೆ ನೀವು ಹಾದುಹೋಗುವಾಗ ಅದಕ್ಕೆ ಕಾಣದಂತೆ ಒಳಗೊಂದು ಚೂರು ತಿಂಡಿ ಎಸೆದು ಹೋಗಿ. ಮಾಂಸದ ಮನೆಯಾದರೆ ಬೇಯಿಸಿದ ಕೋಳಿಯ ಚೂರು, ಇಲ್ಲದಿದ್ದರೆ ಪನ್ನೀರೋ ಬೇಯಿಸಿದ ಗೆಣಸೋ ಸಾಕು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಕೊಡಲೇಬೇಡಿ, ನಾಯಿಗೆ ಅವು ವಿಷ. ಒಳಗೆ ಹೋದಾಗಲೆಲ್ಲ ಒಂದೇ ಮಾತು ಹೇಳಿ, "ಗೂಡಿಗೆ". ಮನೆಯವರೆಲ್ಲ ಅದನ್ನೇ ಹೇಳಬೇಕು.

ಉಣ್ಣುತ್ತಿರುವಾಗ ಬಾಗಿಲು ಮುಂದೆ ಮಾಡಿ, ಉಂಡು ತಲೆ ಎತ್ತುವ ಮೊದಲೇ ತೆರೆಯಿರಿ. ಮರುದಿನ ಉಂಡ ಮೇಲೂ ಹತ್ತು ಎಣಿಸುವಷ್ಟು ಹೊತ್ತು ಹಾಕಿರಿ. ಆಮೇಲೆ ಒಂದು ನಿಮಿಷ, ಐದು ನಿಮಿಷ, ನೀವು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುವಷ್ಟು ಹೊತ್ತು. ಹಗಲು ಆಟವಾಡಿ ಸುಸ್ತಾಗಿ ಎಲ್ಲೋ ಬಿದ್ದು ನಿದ್ದೆ ಹೋಗಿರುತ್ತದಲ್ಲ, ಆಗ ಮೆಲ್ಲಗೆ ಎತ್ತಿ ಅಲ್ಲಿ ಮಲಗಿಸಿ. ಸಣ್ಣ ಮರಿ ದಿನಕ್ಕೆ ಹದಿನೆಂಟು ಗಂಟೆಗೂ ಹೆಚ್ಚು ನಿದ್ದೆ ಮಾಡುತ್ತದೆ, ಅವಕಾಶ ಬೇಕಷ್ಟು ಸಿಗುತ್ತದೆ. ಒಂದು ಎಚ್ಚರಿಕೆ: ಒಳಗೆ ಬಿಡುವಾಗ ಕುತ್ತಿಗೆಯ ಬೆಲ್ಟು ಬಿಚ್ಚಿಬಿಡಿ. ಕಂಬಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಅಳತೆಯ ವಿಷಯದಲ್ಲಿ ಜಿಪುಣತನವೂ ಬೇಡ, ಧಾರಾಳವೂ ಬೇಡ. ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಮ್ಮ ಊರಿನ ನಾಯಿ ಬೆಳೆದರೆ ಸಾಮಾನ್ಯವಾಗಿ 36 ಇಂಚಿನದು ಸಾಕಾಗುತ್ತದೆ, ಲ್ಯಾಬ್ರಡಾರ್‌ಗೆ 42 ಇಂಚು ಬೇಕು. ಮರಿಯಿರುವಾಗ ಅಷ್ಟೂ ಜಾಗ ಕೊಟ್ಟರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ನಡುವೆ ಅಡ್ಡ ಹಾಕುವ ಕಂಬಿ ಕ್ರೇಟಿನ ಜೊತೆಗೇ ಬರುತ್ತದೆ, ಬೆಳೆದಂತೆ ಅದನ್ನು ಹಿಂದೆ ಸರಿಸುತ್ತಾ ಹೋಗಿ.

ಈಗ ರಾತ್ರಿಗೆ ಬರೋಣ. ಊಟ ಏಳರೊಳಗೆ ಆಗಲಿ. ಒಂಬತ್ತಕ್ಕೆ ಸ್ವಲ್ಪ ಆಡಿಸಿ, ಆಮೇಲೆ ಟಿವಿ ಸದ್ದು ಇಳಿಸಿ, ಮನೆ ತಣ್ಣಗಾಗಲಿ. ಮಲಗುವ ಒಂದು ಗಂಟೆ ಮುಂಚೆ ನೀರಿನ ಬಟ್ಟಲು ತೆಗೆಯಿರಿ, ಹಗಲೆಲ್ಲ ಮಾತ್ರ ನೀರು ಇರಲೇಬೇಕು. ಕೊನೆಯಲ್ಲಿ ಒಮ್ಮೆ ಉಚ್ಚೆಗೆ ಬಿಟ್ಟು ಗೂಡಿಗೆ. ಎರಡು ತಿಂಗಳ ಮರಿಯ ಉಚ್ಚೆ ಚೀಲ ಪುಟ್ಟದು, ಎರಡೂವರೆ ಮೂರು ಗಂಟೆಗಿಂತ ಹೆಚ್ಚು ತಡೆಯದು. ಹತ್ತೂವರೆಗೆ ಮಲಗಿಸಿದರೆ ಒಂದೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ನೀವೇ ಅಲಾರಂ ಇಟ್ಟುಕೊಂಡು ಏಳಿ. ಅದು ಅತ್ತು ಎಬ್ಬಿಸುವ ಮೊದಲೇ ಎದ್ದರೆ, ಅತ್ತರೆ ಬಾಗಿಲು ತೆರೆಯುತ್ತದೆ ಎನ್ನುವ ಪಾಠವನ್ನು ಅದು ಕಲಿಯುವುದೇ ಇಲ್ಲ. ಎತ್ತಿಕೊಂಡು ಹೋಗಿ, ಒಂದೇ ಜಾಗದಲ್ಲಿ ನಿಲ್ಲಿಸಿ, ಆದ ಮೇಲೆ ಮೆಲ್ಲಗೆ ಶಭಾಷ್ ಎಂದು ವಾಪಸ್ ಕರೆತನ್ನಿ. ಆಟವಿಲ್ಲ, ಮೊಬೈಲಿನ ಬೆಳಕಿಲ್ಲ. ಲಸಿಕೆಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಕಡೆ ನೆಲಕ್ಕೆ ಬಿಡಬೇಡಿ, ಪಾರ್ವೊ ತಗುಲಿದರೆ ಎಷ್ಟೋ ಮರಿಗಳು ಉಳಿಯುವುದಿಲ್ಲ. ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿದ ತಟ್ಟೆಯೇ ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ಅಲಾರಂ ಕಾಲು ಗಂಟೆ ಮುಂದಕ್ಕೆ ಹಾಕುತ್ತಾ ಹೋಗಿ. ನಾಲ್ಕು ಐದು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಮರಿಗಳು ಬೆಳಗಿನವರೆಗೂ ಮಲಗುತ್ತವೆ.

ಅಳುವಿನಲ್ಲೂ ಬೇರೆ ಬೇರೆ ಇವೆ, ಕಿವಿಗೊಟ್ಟು ಕಲಿಯಿರಿ. ಮಲಗಿಸಿದ ಹೊಸದರಲ್ಲಿ ಸಣ್ಣಗೆ ಗೊಣಗಿ ತಿರುಗಿ ಮಲಗುವುದು ಒಂದು ಬಗೆ, ಅದಕ್ಕೆ ನೀವು ಏಳಬೇಕಿಲ್ಲ. ಗಾಢ ನಿದ್ದೆಯಿಂದ ಎದ್ದು ಚಡಪಡಿಸಿದರೆ ಉಚ್ಚೆಗೆ, ಕೂಡಲೇ ಏಳಿ. ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಾ, ಕಂಬಿ ಕಚ್ಚುತ್ತಾ ಕಿರುಚಿದರೆ ಅದು ದಿಗಿಲು. ಅತ್ತು ಅತ್ತು ತಾನೇ ಸುಮ್ಮನಾಗಲಿ, ಅಳಲು ಬಿಟ್ಟುಬಿಡಿ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರಿಯನೂ ಹಾಗೇ ಸುಮ್ಮನಾಗಿತ್ತು.

ಎಲ್ಲ ನಾಯಿಗೂ ಕ್ರೇಟ್ ಸರಿ ಎಂದೂ ನಾನು ಹೇಳುವುದಿಲ್ಲ. ಬೀದಿಯಲ್ಲೇ ಮೂರು ನಾಲ್ಕು ವರ್ಷ ಸ್ವತಂತ್ರವಾಗಿದ್ದ ನಾಯಿಯನ್ನು ಮನೆಗೆ ತಂದರೆ ಅದಕ್ಕೆ ಬಾಗಿಲು ಹಾಕುವುದೇ ದೊಡ್ಡ ಭಯ. ವಾರಗಟ್ಟಲೆ ಬಾಗಿಲು ತೆರೆದೇ ಇಡಬೇಕಾಗಬಹುದು, ಕೆಲವಕ್ಕೆ ಕೊನೆಯವರೆಗೂ. ಮುಧೋಳ ನಾಯಿ ತಂದವರಿಗೂ ಒಂದು ಮಾತು. ಬಯಲಿನಲ್ಲಿ ಮೊಲ ಬೆನ್ನಟ್ಟಲು ಹುಟ್ಟಿದ ಜಾತಿ ಅದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ನಾಡಿನ ಹೆಮ್ಮೆ. ಮೈಮೇಲೆ ಮಾಂಸವಿಲ್ಲ, ಕೂದಲು ಗಿಡ್ಡ, ಗಟ್ಟಿ ತಟ್ಟೆಯ ಮೇಲೆ ಮಲಗಿಸಿದರೆ ಮೂಳೆ ನೋಯುತ್ತದೆ. ದಪ್ಪ ಹಾಸಿಗೆ ಹಾಕಿ. ಅದಕ್ಕಿಂತ ಮೊದಲು ದಿನವೂ ಮನಸಾರೆ ಓಡಲು ಬಿಡಿ, ಓಡದ ಮುಧೋಳಕ್ಕೆ ಯಾವ ಗೂಡೂ ನಿದ್ದೆ ತರುವುದಿಲ್ಲ. ಯಾವುದೇ ನಾಯಿ ಹಲ್ಲು ಮುರಿದುಕೊಳ್ಳುವಷ್ಟು, ಉಗುರಿನಿಂದ ರಕ್ತ ಬರುವಷ್ಟು ಹೋರಾಡಿದರೆ ಕ್ರೇಟ್ ಎತ್ತಿಟ್ಟು ವೈದ್ಯರ ಹತ್ತಿರ ಹೋಗಿ.

ನನ್ನ ಅಕ್ಕನ ಮೊಮ್ಮಗ ಸ್ವೀಡನ್ನಿನಲ್ಲಿದ್ದಾನೆ. ಅಲ್ಲಿ ಪ್ರಯಾಣಕ್ಕಲ್ಲದೆ ಮನೆಯಲ್ಲಿ ನಾಯಿಯನ್ನು ಹೀಗೆ ಕೂಡಿಹಾಕಲು ಕಾನೂನು ಒಪ್ಪುವುದಿಲ್ಲ ಎಂದ. ನಮ್ಮಲ್ಲೂ ಕಾನೂನು ಸುಮ್ಮನಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆ, ಅಲುಗಾಡಲು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನೂ, ಸದಾ ಕಟ್ಟಿಹಾಕಿದ ಇಲ್ಲವೇ ಕೂಡಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದನ್ನೂ ಅಪರಾಧವೆನ್ನುತ್ತದೆ. ನನಗೆ ನಿಮ್ಮ ರಾತ್ರಿಗಿಂತ ಹೆಚ್ಚು ಚಿಂತೆ ಇರುವುದು ಇದರದೇ. ರಾತ್ರಿ ಕ್ರೇಟಿನಲ್ಲಿ ಸುಮ್ಮನೆ ಮಲಗಲು ಕಲಿತ ನಾಯಿಯನ್ನು ಹಗಲೂ ಅಲ್ಲೇ ಬಿಟ್ಟು ಆಫೀಸಿಗೆ ಹೋಗುವುದು ಬಹಳ ಸುಲಭ. ಹೋಗಿ ಬರುವ ಟ್ರಾಫಿಕ್ಕೂ ಸೇರಿ ಹತ್ತು ಹನ್ನೊಂದು ಗಂಟೆ. ರಾತ್ರಿಯ ಎಂಟು ಗಂಟೆ ಅದಕ್ಕೆ ಕೂಡಿಸಿ ನೋಡಿ. ಆ ಜೀವಕ್ಕೆ ಉಳಿದದ್ದೆಷ್ಟು? ನೀವಿಬ್ಬರೂ ದುಡಿಯುವವರಾದರೆ ಹಗಲು ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನು ಮರಿ ತರುವ ಮೊದಲು ತೀರ್ಮಾನ ಮಾಡಿ. ಮದುವೆಗೆ, ಪ್ರವಾಸಕ್ಕೆ ರಜೆ ಹಾಕುತ್ತೀರಿ. ಮರಿ ಬಂದಾಗಲೂ ಒಂದು ವಾರ ಹತ್ತು ದಿನ ರಜೆ ಹಾಕಿ. ಆಗುವುದಿಲ್ಲವೆಂದರೆ ಆಗುವ ಕಾಲ ಬರುವವರೆಗೆ ತರಬೇಡಿ. ಆಗಲೇ ತಂದು, ತಪ್ಪಾಗಿದೆ ಎನಿಸಿದವರು ಎದೆಗುಂದಬೇಡಿ. ಕ್ರೇಟನ್ನು ಬೇರೆ ಕೋಣೆಗೆ ಒಯ್ದು, ಹಾಸಿಗೆ ಬದಲಿಸಿ, ಬಾಗಿಲು ಕಟ್ಟಿಟ್ಟು, ಮೊದಲ ದಿನದಿಂದ ಮತ್ತೆ ಶುರುಮಾಡಿ. ನಾಯಿ ಕ್ಷಮಿಸುತ್ತದೆ, ಅದಕ್ಕೆ ಹೊತ್ತು ಕೊಡಬೇಕು ಅಷ್ಟೇ.

ಎದುರು ಮನೆಯ ಮಕ್ಕಳು ಹಾಗೇ ಮಾಡಿದರು. ಹುಡುಗ ಒಂದು ವಾರ, ಅವಳು ಒಂದು ವಾರ ರಜೆ ಹಾಕಿದರು. ಐದನೇ ರಾತ್ರಿ ಅಳು ಅರ್ಧ ಗಂಟೆಗೆ ಇಳಿಯಿತು. ಹನ್ನೆರಡನೆಯ ರಾತ್ರಿ ನನಗೆ ಏನೂ ಕೇಳಿಸಲಿಲ್ಲ, ಬೆಳಿಗ್ಗೆ ಹೋಗಿ ವಿಚಾರಿಸಿಕೊಂಡು ಬಂದೆ. ಗುಂಡನಿಗೀಗ ಹತ್ತು ತಿಂಗಳು. ಕ್ರೇಟಿನ ಬಾಗಿಲು ಹಾಕುವುದನ್ನೇ ಬಿಟ್ಟಿದ್ದಾರೆ.

ಹೋದ ತಿಂಗಳು ಅವರಿಬ್ಬರೂ ಊರಿನಲ್ಲೊಂದು ಕಾರ್ಯಕ್ಕೆ ಹೋಗಬೇಕಾಗಿ ಬಂದು, ಕ್ರೇಟ್ ಸಮೇತ ಗುಂಡನನ್ನು ಒಂದು ರಾತ್ರಿಗೆ ನಮ್ಮಲ್ಲಿ ಬಿಟ್ಟರು. ನನ್ನ ಮಂಚದ ಪಕ್ಕಕ್ಕೇ ಇಡಿಸಿಕೊಂಡೆ. ಒಳಗೆ ಹೋಗಿ ಮೂರು ಸುತ್ತು ಸುತ್ತಿ ಮಲಗಿತು. ಮೂರು ಗಂಟೆಯ ಹೊತ್ತಿಗೆ ಹೊಸ ಮನೆಯೆಂದು ನೆನಪಾಯಿತೇನೋ, ಒಮ್ಮೆ ಕುಂಯ್ ಎಂದಿತು. ನಾನು ಎಚ್ಚರವಾಗಿಯೇ ಇದ್ದೆ. ದೀಪ ಹಾಕದೆ ಕೈ ಇಳಿಬಿಟ್ಟೆ. ತಣ್ಣನೆಯ ಮೂಗು ಬೆರಳಿಗೆ ತಾಗಿತು, ಆಮೇಲೆ ಉದ್ದನೆಯ ಒಂದು ನಿಟ್ಟುಸಿರು ಕೇಳಿತು, ಮತ್ತೆ ಬೆಳಗಿನವರೆಗೂ ಸದ್ದಿರಲಿಲ್ಲ.